ಎಂಬತ್ತು ಗ್ರಾಂ ಮತ್ತು ಬೇಳೆಯ ಕಟ್ಟು

ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಸಿಕೊಂಡರೆ ಊಟದ ಕಾಟ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನಾನು ನಂಬಿದ್ದೆ. ನೂರಾ ಮೂವತ್ತೆಂಟು ಕಿಲೋ ತೂಗುತ್ತಿದ್ದ ಕಾಲದಲ್ಲಿ ಹಸಿವಾದಾಗ ಮಾತ್ರ ಊಟದ ಯೋಚನೆ ಬರುತ್ತಿತ್ತು. ಆಪರೇಷನ್ ಆದಮೇಲೆ ಹಸಿವೇ ಇಲ್ಲ, ಆದರೆ ಎದ್ದಾಗಿನಿಂದ ಮಲಗುವವರೆಗೆ ತಲೆಯೊಳಗೆ ಊಟವೊಂದೇ.

"ಗಂಡಸರಿಗೆ ದಿನಕ್ಕೆ ಎಂಬತ್ತು ಗ್ರಾಂ ಪ್ರೋಟೀನ್ ಸಾರ್, ಅದು ಮಾತ್ರ ತಪ್ಪಿಸ್ಬೇಡಿ" ಎಂದು ಆಸ್ಪತ್ರೆಯ ಡಯಟೀಷಿಯನ್ ಹುಡುಗಿ ನಗುನಗುತ್ತಲೇ ಹೇಳಿದ್ದಳು. ನೀರು ಎರಡು ಲೀಟರ್, ಆದರೆ ಗುಟುಕು ಗುಟುಕಾಗಿ. ಊಟಕ್ಕೆ ಅರ್ಧ ಗಂಟೆ ಮೊದಲು ನೀರು ಬಂದ್, ಊಟ ಮುಗಿದ ಮೇಲೂ ಅರ್ಧ ಗಂಟೆ ಬಂದ್. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗುವಂತಿಲ್ಲ, ಅವೆರಡೂ ಜಗಳಾಡಿದ ಓರಗಿತ್ತಿಯರ ಹಾಗೆ ದೂರ ದೂರವೇ ಇರಬೇಕು. ಇಷ್ಟೆಲ್ಲ ಸಂಸಾರವನ್ನು ಕಾಫಿ ಲೋಟದಷ್ಟು ಉಳಿದಿರುವ ಹೊಟ್ಟೆಯಲ್ಲಿ ನಡೆಸಬೇಕು. ಈ ಹುಡುಗಿ ಯಾವತ್ತಾದರೂ ತಾನೇ ಒಂದು ದಿನ ಇದನ್ನು ಮಾಡಿ ನೋಡಿದ್ದಾಳೆಯೇ ಎಂದು ಕೇಳಬೇಕು ಅನ್ನಿಸಿತ್ತು.

ನಾವು ಮೂಲತಃ ರಾಣೆಬೆನ್ನೂರು ಕಡೆಯವರು, ಲಿಂಗ ಕಟ್ಟಿಕೊಂಡವರು. ಮೊಟ್ಟೆ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ನಾಗಸಂದ್ರದ ಅಪಾರ್ಟ್‌ಮೆಂಟಿಗೆ ಬಂದು ಹದಿನೈದು ವರ್ಷವಾದರೂ ಅದು ಮಾತ್ರ ಬದಲಾಗಿಲ್ಲ. ಪೀಣ್ಯದಲ್ಲಿ ಗೇರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಅಲ್ಲಿನ ಲೇತ್ ಆಪರೇಟರ್ ಒಬ್ಬ ನನ್ನ ವಯಸ್ಸಿನವನು, ಸಲಿಗೆಯವನು. "ಮಗಾ, ಒಂದ್ ಮೊಟ್ಟೆ ತಿಂದ್ರೆ ನಿಮ್ ಶಿವ ಏನು ಕೆಲಸದಿಂದ ತೆಗ್ದಾಕ್ತಾನಾ?" ಎಂದು ದಿನಾ ಕೇಳುತ್ತಿದ್ದ. ಪ್ರೋಟೀನ್ ಪುಡಿ ಕಲಸಿಕೊಂಡು ಹೋದ ದಿನ ಇಡೀ ಶೆಡ್ಡು ನನ್ನ ಸುತ್ತ ಸೇರಿತ್ತು. "ಏನ್ ಸಾರ್, ಜಿಮ್ಮಾ? ಈ ವಯಸ್ಸಲ್ಲಾ?" ಆ ಪುಡಿಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕುಡಿದ ಹತ್ತೇ ನಿಮಿಷಕ್ಕೆ ವಾಂತಿ. ಬ್ರ್ಯಾಂಡ್ ಬದಲಾಯಿಸಿದೆ, ರುಚಿ ಬದಲಾಯಿಸಿದೆ, ವಾಂತಿ ಬದಲಾಗಲಿಲ್ಲ. ಕೊನೆಗೆ ಡಯಟೀಷಿಯನ್ನೇ ಸೋತು, "ಆಯ್ತು ಸಾರ್, ಸ್ವಲ್ಪ ದಿನ ಪುಡಿ ಬಿಡಿ. ಪನೀರ್, ಮೊಸರು, ಸೋಯಾ, ಮತ್ತೆ ಬೇಳೆ ಜಾಸ್ತಿ ತಗೊಳ್ಳಿ" ಅಂದಳು.

ನೆಂಟರ ಮನೆಗಳಂತೂ ಬೇಡವೇ ಬೇಡ. ಕಾಡುಗೋಡಿಯಲ್ಲಿ ಸಂಬಂಧಿಕರೊಬ್ಬರ ಗೃಹಪ್ರವೇಶಕ್ಕೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದೆವು. ನಾನು ಬಾಳೆಲೆಯ ಮೂಲೆಯಲ್ಲಿ ಎರಡು ಚಮಚ ಕೋಸಂಬರಿ ಇಟ್ಟುಕೊಂಡು ಮರ್ಯಾದೆಯಿಂದ ಕುಳಿತಿದ್ದೆ. ಚಿಗವ್ವ ಒಬ್ಬಳು ಬಂದವಳೇ, ಬೇಡ ಬೇಡ ಎಂದು ಅಡ್ಡ ಹಿಡಿದ ಕೈಯ ಕೆಳಗಿನಿಂದಲೇ ಹೋಳಿಗೆ ತೂರಿಸಿ ಮೇಲೆ ತುಪ್ಪ ಸುರಿದಳು. "ನನ್ನ ಆಣಿ ಐತಿ, ಬಿಟ್ಟು ಎದ್ರ ನೋಡು." ಆಣೆಗೆ ಹೆದರಿ ಕಾಲು ಹೋಳಿಗೆ ತಿಂದೆ. ಆಮೇಲೆ ಬೆವರು, ಎದೆ ಡವಡವ, ಹೊಸ ಮನೆಯ ಹೊಸ ಬಚ್ಚಲಿನಲ್ಲಿ ಮುಕ್ಕಾಲು ಗಂಟೆ. ಹೊರಗೆ ಬಂದಾಗ ಆಕೆ ಎಲ್ಲರಿಗೂ, "ಇಷ್ಟ ತಿಂದ್ರ ಶಕ್ತಿ ಎಲ್ಲಿಂದ ಬರ್ಬೇಕು" ಎಂದು ವಿವರಿಸುತ್ತಿದ್ದಳು.

ಶಕ್ತಿ ನಿಜವಾಗಿಯೂ ಬರಲಿಲ್ಲ. ನಾಲ್ಕನೆಯ ತಿಂಗಳಿಗೆ ತಲೆಕೂದಲು ಬಾಚಣಿಗೆಯಲ್ಲಿ ಕಂತೆಗಟ್ಟಲೆ ಬರತೊಡಗಿತು. ಮೆಟ್ರೊ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಕಾಲಿನಲ್ಲಿ ಊತ. ರಕ್ತಪರೀಕ್ಷೆ ನೋಡಿದ ಸರ್ಜನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರೋಟೀನ್ ತುಂಬಾ ಕೆಳಗಿದೆ. ಒಂದು ತಿಂಗಳು ನೋಡ್ತೀನಿ. ಏರ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡಿ ಟ್ಯೂಬಲ್ಲಿ ಕೊಡ್ಬೇಕಾಗುತ್ತೆ. ಸ್ನಾಯು ಕರಗೋದು ಹೀಗೇ ಮುಂದುವರೆದ್ರೆ ನಿಂತ್ಕೊಂಡು ಮಾಡೋ ಕೆಲಸ ಮರ್ತುಬಿಡಿ." ನನ್ನದು ಎಂಟು ಗಂಟೆ ನಿಂತೇ ಮಾಡುವ ಕೆಲಸ. ಭಯವಾಯಿತು. ಭಯಕ್ಕಿಂತ ಹೆಚ್ಚು ಸಿಟ್ಟು ಬಂತು.

ಯಾಕೆಂದರೆ ನಾನು ಏನನ್ನೂ ತಪ್ಪಿಸಿರಲಿಲ್ಲ. ತಿಂದ ಪ್ರತಿ ತುತ್ತನ್ನೂ ಮೊಬೈಲಿನ ಲೆಕ್ಕಕ್ಕೆ ಏರಿಸುತ್ತಿದ್ದೆ. ಪನೀರ್, ಸೋಯಾ ಎರಡು ತುತ್ತಿಗೇ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದರಿಂದ ಬೇಳೆಯೇ ಗತಿಯಾಗಿತ್ತು. ದಿನಕ್ಕೆ ನಾಲ್ಕು ಬಟ್ಟಲು ಬೇಳೆ, ಎರಡು ಮನೆಯಲ್ಲಿ, ಎರಡು ಡಬ್ಬಿಯಲ್ಲಿ ಪೀಣ್ಯಕ್ಕೆ. ಡಯಟೀಷಿಯನ್ ದನಿ ತಗ್ಗಿಸಿ, "ಸಾರ್, ಬೇಜಾರ್ ಮಾಡ್ಕೋಬೇಡಿ. ಹೊರಗಡೆ ಬಜ್ಜಿ ಗಿಜ್ಜಿ ಏನಾದ್ರೂ..." ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದರೆ ಹೆಂಡತಿಯೂ ಅದೇ ಮುಖ ಮಾಡಿಕೊಂಡು, "ನಿಜ ಹೇಳ್ರೀ, ನಾನೇನೂ ಅನ್ನಲ್ಲ" ಎಂದಳು. ಕಳ್ಳತನ ಮಾಡದೆ ಕಳ್ಳನಾಗುವುದು ಎಷ್ಟು ರೇಜಿಗೆಯ ಕೆಲಸ ಎಂದು ಆಗ ತಿಳಿಯಿತು.

ನನ್ನನ್ನು ನಂಬಿದವಳು ಅವ್ವ ಒಬ್ಬಳೇ. ನಮ್ಮ ಮನೆಯಲ್ಲಿ ಅಡುಗೆ ಅವಳದು. ಹೆಂಡತಿ ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹೊರಟರೆ ಅಡುಗೆಮನೆ ಪೂರ್ತಿ ಅವ್ವನ ವಶ. "ನನ್ನ ಕೈಯಾರೆ ಮಾಡಿ ಹಾಕಾಕತ್ತೀನಿ, ಅದಕ್ಕ ಮೈಗೆ ಹತ್ತವಲ್ದು ಅಂದ್ರ ಡಾಕ್ಟರ್ರೇ ಏನೋ ತಪ್ಪು ಕೊಯ್ದಾರ" ಎಂಬುದು ಅವಳ ಖಚಿತ ಅಭಿಪ್ರಾಯ.

ಮರುವಾರ ಒಂದು ದಿನ ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಸಂಜೆಯವರೆಗೂ ಬರುವುದಿಲ್ಲ ಎಂದಾದಮೇಲೆ ಅವ್ವನಿಗೆ ಫೋನ್ ಮಾಡಿ ಹನ್ನೊಂದಕ್ಕೆಲ್ಲ ಮನೆಗೆ ಬಂದೆ. ಅವ್ವ ಕುಕ್ಕರ್ ತೆರೆದು, ಬೆಂದ ತೊಗರಿಬೇಳೆಯನ್ನು ಜರಡಿಗೆ ಸುರಿಯುತ್ತಿದ್ದಳು. ಕೆಳಗಿನ ಪಾತ್ರೆಗೆ ಹಳದಿ ನೀರಿನ ಕಟ್ಟು ಇಳಿಯಿತು. ಅದಕ್ಕೆ ಒಂದಿಷ್ಟು ಅಕ್ಕಿಹಿಟ್ಟು ಕದಡಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಕುದಿಸಿದಳು. ಗಟ್ಟಿಯಾಯಿತು. ನನ್ನ ಬಟ್ಟಲಿಗೆ ಬಗ್ಗಿಸಿದಳು. ಜರಡಿಯಲ್ಲಿ ಉಳಿದ ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಉಳಿದವರಿಗೆಂದು ಬೇರೆ ಪಾತ್ರೆಯಲ್ಲಿ ಮುಚ್ಚಿಟ್ಟಳು.

"ಅವ್ವಾ, ಏನ್ ಮಾಡಾಕತ್ತಿ?"

"ನಿನ್ನ ಬ್ಯಾಳಿ. ಬಿಸಿ ಐತಿ, ಕುಡಿ."

"ಬ್ಯಾಳಿ ಆ ಪಾತ್ರ್ಯಾಗ ಉಳೀತಲ್ಲ!"

"ಅದರಾಗೇನೈತಿ? ಸತ್ವ ಎಲ್ಲಾ ಕಟ್ಟಿನಾಗ ಇಳದಿರ್ತೈತಿ. ಅದು ಬರೇ ಹೊಟ್ಟಿ ತುಂಬಸೂದು. ನಿನ್ನ ಇಷ್ಟ ಸಣ್ಣ ಹೊಟ್ಟ್ಯಾಗ ಅದನ್ಯಾಕ ತುಂಬ್ಲಿ?"

ನಾಲ್ಕು ತಿಂಗಳು. ಆಪರೇಷನ್ ಆದ ಮೊದಲ ವಾರಗಳಲ್ಲಿ ಆಸ್ಪತ್ರೆಯವರೇ ಬೇಳೆ ಬಸಿದ ತಿಳಿಯನ್ನು ಕೊಡಿ ಎಂದಿದ್ದರು, ನಿಜ. ಆಗ ಅವ್ವನಿಗೆ ಆಸ್ಪತ್ರೆಯವರ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತ್ತು. ಆಮೇಲೆ ಅವರು ಗಟ್ಟಿ ಬೇಳೆ ಎಂದರು, ಅವಳು ಕಟ್ಟನ್ನು ಗಟ್ಟಿ ಮಾಡಿದಳು. ಗೇರಿನ ಹಲ್ಲು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ ಕಳಿಸುವ ನಾನು ಅಕ್ಕಿಹಿಟ್ಟಿನ ಗಂಜಿ ಕುಡಿದು, ಬೇಳೆ ಎಂದು ಮೊಬೈಲಿಗೆ ಹಾಕುತ್ತಿದ್ದೆ. ಯಾರ ಮೇಲೆ ಕೂಗಾಡಬೇಕು ಎಂದು ತಿಳಿಯದೆ ಎದುರಿಗಿದ್ದವಳ ಮೇಲೆಯೇ ಕೂಗಾಡಿದೆ.

"ಕಟ್ಟಿನಾಗ ಏನೂ ಇಲ್ಲವ್ವಾ! ನೀರು ಅದು, ಉಪ್ಪು ಹಾಕಿದ ನೀರು!"

"ನಿನಗೇನ್ ಗೊತ್ತು, ಸುಮ್ನಿರು" ಎಂದಳು ಅವ್ವ, ಒಂದಿಷ್ಟೂ ಅಳುಕದೆ.

ಡಯಟೀಷಿಯನ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ, ಇವಳ ಮುಂದೆಯೇ ತೀರ್ಮಾನವಾಗಲಿ ಎಂದು. ನಡೆದದ್ದನ್ನು ಹೇಳಿದೆ. ಆ ಕಡೆಯಿಂದ ನಗು ತಡೆದುಕೊಂಡ ದನಿ. "ಅಯ್ಯೋ ಅಜ್ಜಿ, ಪ್ರೋಟೀನ್ ಎಲ್ಲಾ ಬೇಳೆಲೇ ಇರುತ್ತೆ. ಬಸಿದ ನೀರಿಗೆ ಏನೂ ಬರಲ್ಲ. ಇವತ್ತಿಂದ ಬೇಳೆನೇ ನುಣ್ಣಗೆ ಮಸೆದು ಕೊಡಿ, ಸರಿಹೋಗ್ತಾರೆ."

"ಏನೂ ಬರೂದಿಲ್ಲೇನವಾ?"

"ಇಲ್ಲ ಅಂತಲೇ ಇಟ್ಕೊಳ್ಳಿ ಅಜ್ಜಿ."

ಫೋನ್ ಇಟ್ಟೆ. ಗೆದ್ದೆ ಎಂದು ಒಂದು ನಿಮಿಷ ಖುಷಿಯೂ ಆಯಿತು. ಕೊನೆಗೂ ನಾನು ಕಳ್ಳನಲ್ಲ, ಆಸ್ಪತ್ರೆಗೆ ಸೇರುವುದೂ ತಪ್ಪಬಹುದು. ಅವ್ವ ಕಟ್ಟನ್ನು ಸಿಂಕಿಗೆ ಚೆಲ್ಲಿ, ಮುಚ್ಚಿಟ್ಟ ಬೇಳೆಯನ್ನು ಚಮಚದಿಂದ ಮಸೆದು ನನ್ನ ಮುಂದಿಟ್ಟಳು. ಆಮೇಲೆ ಎದುರಿನ ಕುರ್ಚಿಯಲ್ಲಿ ಕುಳಿತಳು.

"ನೀವು ಮೂವರು ಹುಟ್ಟಿದಾಗೂ ನಮ್ಮತ್ತಿ ನನಗ ಕಟ್ಟೇ ಕೊಟ್ಲು" ಅಂದಳು. "ಬಾಣಂತನದಾಗಷ್ಟ ಅಲ್ಲ, ಆಮ್ಯಾಲೂ. ಗಂಡಸರು ಹೊಲದಿಂದ ಬಂದ ಕೂಡ್ಲೆ ಅವರಿಗೆ ಗಟ್ಟಿ ಬ್ಯಾಳಿ. ನನ್ನ ಬಟ್ಟಲಕ್ಕ ಕಟ್ಟು ಹಾಕಿ, ಸತ್ವ ಎಲ್ಲಾ ನಿನಗ ಕೊಟ್ಟೀನಿ ನೋಡವಾ ಅಂತಿದ್ಲು. ನಮ್ಮತ್ತಿ ನನ್ನ ಮ್ಯಾಲೆ ಭಾಳ ಜೀವ ಇಟ್ಟಿದ್ಲು ಅಂತ ಇವತ್ತಿನ ತನಕ ಎಲ್ಲಾರ ಮುಂದ ಹೇಳ್ಕೊಂತ ಬಂದೀನಿ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವಳ ಸಣಕಲು ಮುಂಗೈಯನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅವ್ವನ ಕೈ ಇರುವುದೇ ಹಾಗೆ ಎಂದುಕೊಂಡಿದ್ದೆ. ಏನಾದರೂ ಹೇಳಲೇಬೇಕಿತ್ತು.

"ನಮ್ಮ ಅಜ್ಜಿಗೂ ಗೊತ್ತಿರ್ಲಿಲ್ಲ ಬಿಡವ್ವಾ. ಸತ್ವ ಕಟ್ಟಿನಾಗ ಐತಿ ಅಂತ ಆಕಿನೂ ನಂಬಿದ್ಲು, ನಿನ್ನಂಗ."

ಅವ್ವ ಬೇಳೆಯ ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು.

"ನಂಬಿದ್ರ," ಅಂದಳು, "ಗಂಡಸರಿಗೆ ಯಾಕ ಬ್ಯಾಳಿ ಹಾಕ್ತಿದ್ಲೋ ತಮ್ಮಾ?"