ಕಾಂತರಾಜ್ ಬರೆಯದೆ ಬಿಟ್ಟ ದಾರಿ

ಕಾಂತರಾಜ್‌ಗೆ ಎಸೆಸೆಲ್ಸಿಯಲ್ಲಿ ಕನ್ನಡ ಪಾಠ ಮಾಡಿದವನು ನಾನು. ಆಗ ಒಂದು ಪ್ರಬಂಧ ನೆಟ್ಟಗೆ ಬರೆಯದವನು ಮೂವತ್ತೆಂಟನೇ ವಯಸ್ಸಿನಲ್ಲಿ ಫೋನಿಗೆ ಕಥೆಯಾಟ ಬರೆಯುತ್ತೇನೆ ಅಂತ ಬಂದು ಕೂತರೆ ನನಗೆ ಸಿಟ್ಟು ಬರಬೇಕೋ, ನಗು ಬರಬೇಕೋ? ಕ್ಯಾಲನೂರಿನಾಚೆ ನಮ್ಮ ಹಳ್ಳಿಯ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುವುದು ಅವನ ಕೆಲಸ. ನಡುವಿನ ಹೊತ್ತಿನಲ್ಲಿ ಡೈರಿ ಚೀಟಿಗಳ ಹಿಂಬದಿಯಲ್ಲಿ ಗೀಚಿ, ಆಮೇಲೆ ಫೋನಿಗೆ ಏರಿಸುತ್ತಾನೆ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಒಂದಷ್ಟು ಓದಿದ ಮೇಲೆ ಎರಡು ದಾರಿ ಕಾಣುತ್ತವೆ. ಯಾವುದನ್ನು ಒತ್ತುತ್ತೀರೋ ಕಥೆ ಆ ಕಡೆ ತಿರುಗುತ್ತದೆ.

ಅವನು ಬರೆದ ಮೊದಲನೆಯ ಆಟವನ್ನು ಓದಿದೆ. ಸುಳ್ಳು ಹೇಳಿದವನಿಗೆ ಹಾವು ಕಚ್ಚಿತು, ನಿಜ ಹೇಳಿದವನಿಗೆ ಪಂಚಾಯಿತಿಯವರು ಶಾಲು ಹೊದಿಸಿದರು.

“ಲೇ, ಯಾವುದು ಸರಿ ಅಂತ ಮುಂಚೇನೇ ಗೊತ್ತಾದ್ರೆ ಒತ್ತೋದು ಯಾಕ್ಲಾ?” ಅಂದೆ. “ಎರಡು ಕಡೇನೂ ಮನಸ್ಸು ಎಳೀಬೇಕು. ನಿಂಗೆ ಹಂಗಾಗಿದ್ದು ಏನೂ ಇಲ್ವಾ?”

ಇತ್ತು, ಊರಿಗೆಲ್ಲ ಗೊತ್ತಿತ್ತು. ತಾಯಿಯಿಲ್ಲದ ಅವನನ್ನು ಸಾಕಿದವಳು ಸೋದರತ್ತೆ ಮುನಿಶಾಮಮ್ಮ. ನಾಲ್ಕು ವರ್ಷದ ಹಿಂದೆ ಆಕೆ ತಂದ ಹಾಲಿನಲ್ಲಿ ನೀರಿದೆಯೆಂದು ಅವನು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಆಕೆ ಅವನೊಂದಿಗೆ ಮಾತು ಬಿಟ್ಟಳು. ಹಬ್ಬಕ್ಕೆ ಅವನು ಒಬ್ಬಟ್ಟು ಕಳಿಸಿದರೆ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಪಾಪ, ಹುಡುಗ ಅರ್ಧ ಇಳಿದುಹೋಗಿದ್ದ. ನನಗೆ ಅವನು ಈಗಲೂ ಹುಡುಗನೇ.

ವಾರ ಬಿಟ್ಟು ಎರಡನೆಯದನ್ನು ತಂದ. ಈ ಆಟದಲ್ಲಿ ಹಾಲು ಪರೀಕ್ಷೆ ಮಾಡುವವರು ನೀವೇ. ಸಾಲಿನಲ್ಲಿ ನಿಮ್ಮನ್ನು ಬೆಳೆಸಿದ ಅತ್ತೆ ನಿಂತಿದ್ದಾಳೆ, ಹಾಲು ತೆಳ್ಳಗಿದೆ. ತೆಗೆದುಕೊಂಡರೆ ಊರಿನವರ ಹಾಲಿಗೆಲ್ಲ ಕೆಟ್ಟ ಹೆಸರು, ಬೇಡವೆಂದರೆ ಅತ್ತೆ ದೂರ. ಹಾವೂ ಇರಲಿಲ್ಲ, ಶಾಲೂ ಇರಲಿಲ್ಲ. ಓದಿ ಕನ್ನಡಕ ತೆಗೆದಿಟ್ಟೆ.

“ಅತ್ತೆಗೆ ಓದಿ ಹೇಳ್ತೀರಾ ಮೇಷ್ಟ್ರೇ? ನನ್ನ ಸಂಕಟ ಗೊತ್ತಾದ್ರೆ ಒಂದು ಮಾತಾದ್ರೂ ಆಡ್ತಾಳೇನೋ,” ಎಂದ.

ಮಾರನೇ ದಿನ ಮುನಿಶಾಮಮ್ಮನನ್ನು ನಮ್ಮ ಜಗಲಿಗೆ ಕರೆಸಿದೆ. ಕಾಂತರಾಜ್ ಬಾಗಿಲ ಹಿಂದೆ ನಿಂತ. ನಾನು ಎರಡು ಸಾಲು ಓದುವಷ್ಟರಲ್ಲಿ ಅದು ಯಾರ ಬರಹವೆಂದು ಆಕೆಗೆ ಗೊತ್ತಾಯಿತು.

“ನಾಕೆಂದುಕು ಮೇಷ್ಟ್ರೇ ಇದೆಲ್ಲ?” ಎಂದಳು. ‘ನನಗ್ಯಾಕೆ’ ಅನ್ನುವುದಕ್ಕೂ, ಬೇಸರವಾದರೆ ಆಕೆಗೆ ತೆಲುಗೇ ಬಾಯಿಗೆ ಬರುವುದು. ಆದರೂ ಎದ್ದು ಹೋಗಲಿಲ್ಲ. ಎರಡೂ ದಾರಿ ಓದಿ, ಯಾವುದನ್ನು ಒತ್ತಲಿ ಎಂದು ಕೇಳಿದೆ.

“ಮೂರನೇದು ಓದಿ.”

“ಇರೋದೇ ಎರಡು ಕಣಮ್ಮ.”

ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡಳು. “ನೀರು ಹಾಕಿದ್ದು ನಿಜ. ಹಸು ಬತ್ತುತ್ತಾ ಬಂದಿತ್ತು, ಕಮ್ಮಿ ತಗೊಂಡು ಹೋದ್ರೆ ಜನ ಆಡ್ಕೋತಾರೆ ಅಂತ ಹಾಕ್ದೆ. ಅವನು ಬೇಡ ಅಂದಿದ್ದು ಸರೀನೇ. ಆದ್ರೆ ಅಷ್ಟು ಜನದ ಮುಂದೆ ಕೂಗಾಡಿ, ಹಾಲನ್ನ ಮೋರಿಗೆ ಸುರಿದ. ಪಕ್ಕಕ್ಕೆ ಕರೆದು, ‘ಅತ್ತೆ, ಇವತ್ತು ಬೇಡ’ ಅನ್ನಬಹುದಿತ್ತಲ್ಲ? ಆ ದಾರಿ ಇದರಲ್ಲಿ ಯಾಕಿಲ್ಲ?”

ನನಗೆ ನಾಚಿಕೆಯಾಯಿತು. ಅಲ್ಪವಿರಾಮವನ್ನೂ ಬಿಡದೆ ತಿದ್ದಿದ್ದ ನನಗೆ ಇದು ಕಂಡಿರಲಿಲ್ಲ. ಅವನು ಹಾಲು ಸುರಿದ ದಿನ ಡೈರಿಯ ಸಾಲಿನಲ್ಲಿ ನಾನೂ ಇದ್ದೆ, ಸುಮ್ಮನೆ ನಿಂತಿದ್ದೆ.

ಕಾಂತರಾಜ್ ಹೊರಗೆ ಬಂದ. ಕಣ್ಣು ಒರೆಸಿಕೊಂಡು, ನನ್ನ ಕೈಯಿಂದ ಫೋನು ತೆಗೆದುಕೊಂಡು ಆಕೆಯ ಕಾಲ ಬಳಿ ಮೆಟ್ಟಿಲ ಮೇಲೆ ಕೂತ. ಎರಡು ದಾರಿಗಳ ಕೆಳಗೆ ಇನ್ನೊಂದು ಸೇರಿಸಿ ಓದಿದ: ‘ಅತ್ತೆಯನ್ನು ಪಕ್ಕಕ್ಕೆ ಕರೆಯಿರಿ.’ ಮುನಿಶಾಮಮ್ಮ ಬೆರಳು ಚಾಚಿ ಅದನ್ನೇ ಒತ್ತಿದಳು. ಖಾಲಿ ಪುಟ ಬಂತು.

“ಮುಂದಕ್ಕೆ ಇನ್ನೂ ಬರೆದಿಲ್ಲ,” ಎಂದ, ನೆಲ ನೋಡುತ್ತಾ.

ನಾಲ್ಕು ವರ್ಷದ ಮೇಲೆ ಆಕೆ ಅವನ ಕಡೆ ತಿರುಗಿದಳು.

“ಬರಿ. ಕೂತಿರ್ತೀನಿ.”