ಆಟೋದಡಿಯ ರಾಣಿ

ಗೆಳೆಯರೇ, ಇವತ್ತು ಮಧ್ಯಾಹ್ನ ಕೊಟ್ಟಾರದ ಆಟೋ ಸ್ಟ್ಯಾಂಡಿನಲ್ಲಿ ಸಾಲಿನ ಮೊದಲ ಆಟೋ ಹತ್ತಲು ಹೋದರೆ ಚಾಲಕರು ತಡೆದರು.

“ಸ್ವಲ್ಪ ನಿಲ್ಲಿ ಅಕ್ಕ, ಅಡಿಯಲ್ಲಿ ರಾಣಿ ಮಲಗಿದ್ದಾಳೆ.”

ಬಗ್ಗಿ ನೋಡಿದೆ. ಬೀದಿನಾಯಿ!

“ಎಬ್ಬಿಸಿ ಮಾರಾಯ್ರೆ!”

“ಎಬ್ಬಿಸಿದ್ರೆ ಅವಳು ಎಲ್ಲಿಗೆ ಹೋಗುದು? ರೋಡು ಕಾದ ದೋಸೆ ಕಾವಲಿ ಹಾಗೆ ಉಂಟು.”

ಸಿಟ್ಟಿನಿಂದ ಹಿಂದಿನ ಆಟೋಗೆ ಹೋದೆ. “ಕ್ಯೂ ತಪ್ಪಿಸ್ಲಿಕ್ಕೆ ಇಲ್ಲ ಅಕ್ಕ” ಎಂದರು ಅದರ ಚಾಲಕರು.

ಕೊನೆಗೆ ಚಾಲಕರಿಬ್ಬರೂ ಸೇರಿ ಆ ಹಿಂದಿನ ಆಟೋವನ್ನು ತಳ್ಳಿಕೊಂಡು ಬಂದು ಮೊದಲ ಆಟೋದ ಪಕ್ಕಕ್ಕೇ ನಿಲ್ಲಿಸಿದರು. ರಾಣಿ ಆಕಳಿಸಿ, ಎರಡು ಹೆಜ್ಜೆ ನಡೆದು, ಹೊಸ ನೆರಳಿನಲ್ಲಿ ಮಲಗಿದಳು.

ಅಷ್ಟು ಹೊತ್ತು ಬಿಸಿಲಲ್ಲಿ ಬೆಂದವಳು ನಾನು. ಆದರೂ ಮೊದಲ ಆಟೋ ಹತ್ತಿ ಹೊರಡುವಾಗ, “ಹಾರ್ನ್ ಹಾಕ್ಬೇಡಿ, ಅವಳಿಗೆ ಎಚ್ಚರ ಆದೀತು” ಎಂದು ಚಾಲಕರನ್ನು ಗದರಿದವಳೂ ನಾನೇ.