ಹಗ್ಗ ಮೇಲೆಳೆದ ಬೆಳಿಗ್ಗೆ

ಅಕ್ಕನಿಗೆ ಈಜು ಕಲಿಸಿದವಳು ನಾನೇ. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಐವತ್ತೈದು ದಾಟಿತ್ತು, ಸಕ್ಕರೆ ಕಾಯಿಲೆಯಿತ್ತು, ಮಂಡಿ ಸವೆದಿದ್ದವು. ತೂಕ ಇಳಿಯಬೇಕು, ಮಂಡಿಗೆ ಭಾರ ಬೀಳಬಾರದು, ಈಜಿದರೆ ಒಳ್ಳೆಯದು ಎಂದು ಶಿಕಾರಿಪುರದ ಡಾಕ್ಟರು ಹೇಳಿದ್ದರು. ಅದಕ್ಕಾಗಿ ದಿನಾ ಶಿವಮೊಗ್ಗದ ಈಜುಕೊಳಕ್ಕೆ ಹೋಗಿಬರುವುದು ಆಗದ ಮಾತು. ಮನೆಯಲ್ಲಿ ಈಜು ಬರುತ್ತಿದ್ದುದು ನನಗೊಬ್ಬಳಿಗೇ.

ನಾನು ಸೊರಬದ ಕಡೆಯವಳು. ಊರ ಕೆರೆಯಲ್ಲಿ ಎಮ್ಮೆಗಳ ಮೈ ತೊಳೆಯುತ್ತಲೇ ಈಜು ಕಲಿತೆ. ಮದುವೆಯಾದ ಹೊಸದರಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಅಕ್ಕ ಇಪ್ಪತ್ತು ವರ್ಷ ನೆಂಟರಿಗೆಲ್ಲ ನನ್ನನ್ನು ಎಮ್ಮೆ ಜೊತೆ ಬೆಳೆದವಳೆಂದೇ ಪರಿಚಯಿಸಿದರು.

ತಾಳಗುಂದದ ದಾರಿಯಲ್ಲಿ ನಮ್ಮ ಮೆಕ್ಕೆಜೋಳದ ಹೊಲವಿದೆ. ಅದರ ಮೂಲೆಯ ಕೃಷಿಹೊಂಡಕ್ಕೆ ತಳದಿಂದ ದಡದವರೆಗೂ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದಾರೆ. ಪಾಚಿ ಹಿಡಿದ ಆ ಹಾಳೆಯ ಮೇಲೆ ಕಾಲೇ ನಿಲ್ಲುವುದಿಲ್ಲ. ಈಜು ಬಂದವರೂ ತಾವಾಗಿ ಹತ್ತಿಬರಲಾರರು. ಹಾಗಾಗಿ ದಡದ ಕಲ್ಲುಕಂಬಕ್ಕೆ ದಪ್ಪ ಹಗ್ಗ ಕಟ್ಟಿ, ಅಲ್ಲಲ್ಲಿ ಗಂಟು ಹಾಕಿ ನೀರಿಗೆ ಇಳಿಬಿಟ್ಟೆ. ಒಬ್ಬರೇ ಇಳಿಯಬಾರದು, ದಣಿದರೆ ಒದ್ದಾಡದೆ ಅಂಗಾತ ತೇಲಬೇಕು ಎಂದು ದಿನವೂ ಹೇಳುತ್ತಿದ್ದೆ. ತಮ್ಮ ಮಗನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಸಿಕೊಂಡು ಅಕ್ಕ ಮಗುವಿನ ಹಾಗೆ ಕೇಳುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಕ್ಯಾನಿಲ್ಲದೆ ಹತ್ತು ಮಾರು ಈಜತೊಡಗಿದರು. ಆ ದಿನಗಳಲ್ಲಿ ಅವರು ನನಗೆ ಇಷ್ಟವಾಗಿದ್ದರು ಎಂಬುದನ್ನೂ ಹೇಳಬೇಕು.

ಅಷ್ಟರಲ್ಲಿ ಅವರ ಮೊಮ್ಮಗಳ ತೊಟ್ಟಿಲ ಶಾಸ್ತ್ರ ಬಂತು. ನನಗೆ ಮಕ್ಕಳಿಲ್ಲ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಅಕ್ಕ ನಗುನಗುತ್ತಲೇ ಎಲ್ಲರೆದುರು ಹೇಳಿದರು: “ಅವಳ ಕೈಗೆ ಕೊಡಬ್ಯಾಡ್ರಿ. ಮೊದ್ಲು ಹೆತ್ತ ಹೆಂಗಸರ ಮಡಿಲಿಗೆ ಹಾಕ್ರಿ.”

ಚಾಚಿದ ಕೈಯಿಂದ ಪಕ್ಕದಲ್ಲಿದ್ದ ಎಲೆ ಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಹೊಂಡಕ್ಕೆ ಹೋದೆವು. ಅಕ್ಕ ಈಜುತ್ತ ನಡುಮಧ್ಯೆ ತಲುಪಿದಾಗ ನಾನು ಹಗ್ಗವನ್ನು ಮೇಲಕ್ಕೆಳೆದು ಸುತ್ತಿಟ್ಟು ಕಂಬದ ಬಳಿ ಕುಳಿತೆ. ಅವರು ದಡಕ್ಕೆ ಬಂದು ಹಗ್ಗಕ್ಕಾಗಿ ತಡಕಾಡಿದರು. ಮೊದಲು ತಮಾಷೆ ಎಂದುಕೊಂಡರು. ಹಾಳೆಯ ಮೇಲೆ ಅಂಗೈ ಊರಿ ಮೊಣಕಾಲು ಎತ್ತಿದರು, ಜಾರಿದರು. ಮತ್ತೆ ಎತ್ತಿದರು, ಮತ್ತೆ ಜಾರಿದರು.

“ನಿನ್ನೆ ಏನಂದ್ರಿ ಅಕ್ಕ? ಇನ್ನೊಂದ್ಸಲ ಹೇಳಿ” ಎಂದೆ.

ಅಕ್ಕನಿಗೆ ಉಸಿರು ಸಿಗುತ್ತಿರಲಿಲ್ಲ. ನೀರು ಕುಡಿದು ಕೆಮ್ಮಿದರು. ಅಂಗಾತ ತೇಲುವುದು ಮರೆತೇ ಹೋಗಿತ್ತು. ಉಗುರುಗಳು ಪ್ಲಾಸ್ಟಿಕ್ಕನ್ನು ಕೆರೆಯುವ ಸದ್ದು ಕೇಳುತ್ತಿತ್ತು. ಎಷ್ಟು ಹೊತ್ತು ನೋಡುತ್ತ ಕುಳಿತೆನೋ ಗೊತ್ತಿಲ್ಲ. ನನಗೆ ಗಾಬರಿಯಾಗಲಿಲ್ಲ, ಹಿತವಾಗಿತ್ತು. ತಲೆ ಎರಡನೇ ಸಲ ಮುಳುಗಿದಾಗ ಮಾತ್ರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಹಾರಿದೆ. ಹಿಂದಿನಿಂದ ಗದ್ದ ಹಿಡಿದೆತ್ತಿ, ಹಗ್ಗದ ಗಂಟುಗಳನ್ನು ಹಿಡಿದು ದಡಕ್ಕೆ ಎಳೆತಂದೆ.

ಹುಲ್ಲಿನ ಮೇಲೆ ಮಗ್ಗುಲಾಗಿ ಮಲಗಿ ವಾಂತಿ ಮಾಡಿಕೊಂಡರು. ಮುಖ ಒರೆಸಲು ಹೋದರೆ ನನ್ನ ಕೈ ತಳ್ಳಿದರು.

ಮನೆಯಲ್ಲಿ ನಿಜ ಹೇಳಿಬಿಡುತ್ತಾರೆ ಎಂದು ಅಡುಗೆಮನೆಯಲ್ಲಿ ಕಾದು ನಿಂತಿದ್ದೆ. ಜಗಲಿಯಲ್ಲಿ ಕೂತು ಅಕ್ಕ ಎಲ್ಲರಿಗೂ ಹೇಳಿದ್ದು ಬೇರೆಯೇ: “ಸುಸ್ತಾಗಿ ಮುಳುಗಿಬಿಟ್ಟಿದ್ದೆ. ಇವಳಿಲ್ದಿದ್ರೆ ನನ್ನ ಕಥೆ ಮುಗೀತಿತ್ತು.” ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಭಾವ ನನಗೆ ಕೈ ಮುಗಿದರು.

ಆಮೇಲೆ ಆ ಕಥೆಗೆ ಬಿಡುವೇ ಇಲ್ಲವಾಯಿತು. ಶಿರಾಳಕೊಪ್ಪದ ಸಂತೆಯಲ್ಲಿ, ಮದುವೆಮನೆಯಲ್ಲಿ, ಯಾರೇ ಸಿಕ್ಕರೂ ನನ್ನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡೇ ಹೇಳುತ್ತಾರೆ. ನಾನು ತಲೆಯಾಡಿಸಬೇಕು. ಒಮ್ಮೆ ಪಕ್ಕದ ಮನೆಯಾಕೆ ತಮ್ಮ ಮಗಳಿಗೂ ಈಜು ಕಲಿಸಬಹುದೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, “ಕಲಿಸ್ತಾಳೆ, ಚಲೋ ಕಲಿಸ್ತಾಳೆ. ಆದ್ರೆ ನೀವೂ ಜೊತೆಗೆ ಹೋಗ್ರಿ” ಎಂದರು.

ಅಕ್ಕ ಮತ್ತೆ ನೀರಿಗಿಳಿಯಲಿಲ್ಲ. ಮೈ ಮತ್ತೆ ಬಂತು, ಮಂಡಿ ಪೂರ್ತಿ ಹೋಯಿತು. ಈಗ ಬಚ್ಚಲಿಗೆ ಹೋಗಲೂ ಆಸರೆ ಬೇಕು. ಮನೆಯಲ್ಲಿ ಸೊಸೆ ಇದ್ದರೂ ನನ್ನ ಹೆಸರು ಹಿಡಿದೇ ಕೂಗುತ್ತಾರೆ. ಹೆಗಲು ಕೊಡುತ್ತೇನೆ. ಅವರ ಉಗುರು ನನ್ನ ತೋಳಿಗೆ ನಾಟುತ್ತದೆ. ನಾನು ಬಿಡಿಸಿಕೊಳ್ಳುವುದಿಲ್ಲ, ಅವರೂ ಸಡಿಲಿಸುವುದಿಲ್ಲ.